ಅಪ್‌ಡೇಟ್: 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ಇಂಟರ್ನೆಟ್ ಪ್ಲಾನ್‌ನಲ್ಲಿ 38 ಮಾತ್ರ ಬರುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಅದೇ 200ರ ಪ್ಲಾನ್ ಇರುವ ಪಕ್ಕದ ಮನೆಯಲ್ಲಿ 180 ಬರುತ್ತೆ, ನಮ್ಮಲ್ಲಿ 38, ಯಾಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನೀವು ಹೇಳಿದಂತೆ ವೈ-ಫೈ ಬಿಟ್ಟು ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ನೇರ ರೂಟರ್‌ಗೆ ಜೋಡಿಸಿದೆ. ಎಷ್ಟು ಸಲ ನೋಡಿದರೂ 94! ಹಳೇ ಕೇಬಲ್‌ನ ಎಂಟು ತಂತಿಗಳಲ್ಲಿ ಒಂದು ತುದಿಯಲ್ಲೇ ಕಿತ್ತುಹೋಗಿತ್ತು. ಹಾಗಾದಾಗ ಸಂಪರ್ಕ 100ರ ಮಿತಿಗೆ ಇಳಿದುಬಿಡಬಹುದು. ಹೊಸ ಕೇಬಲ್ ಹಾಕಿದೆ, 196 ಬಂತು. ಅಂದರೆ ಲೈನ್‌ನಲ್ಲಿ ದೋಷವೇ ಇರಲಿಲ್ಲ. ವೈ-ಫೈನಲ್ಲಿ 38 ಬರುತ್ತಿದ್ದುದಕ್ಕೆ ಕಾರಣ, ಫೋನ್ ವೈ-ಫೈನ ನಿಧಾನದ 2.4 ಗಿಗಾಹರ್ಟ್ಸ್ ಬ್ಯಾಂಡ್‌ಗೇ (ತರಂಗಗಳ ಪಟ್ಟಿಗೇ) ಅಂಟಿಕೊಂಡಿತ್ತು. 5ಕ್ಕೆ ಬದಲಿಸಿದ ಮೇಲೆ ರೂಟರ್ ಇರುವ ಕೋಣೆಯಲ್ಲಿ 170, ಎರಡು ಗೋಡೆ ದಾಟಿದರೆ 60.

ಇನ್ನೊಂದು, ಫೈಲ್ ಇಳಿಸುವಾಗ 24 ಅಂತ ಕಂಡು ಗಾಬರಿಯಾಗಿದ್ದೆ. ಅದು ಮೆಗಾಬೈಟ್ ಲೆಕ್ಕ, ಮೆಗಾಬಿಟ್‌ಗೆ 8ರಿಂದ ಗುಣಿಸಬೇಕು. ಗುಣಿಸಿದರೆ 192, ಸರಿಯಾಗೇ ಇದೆ.