ಕ್ಯೂ ಕೋಲಿನ ‘ಜಾಯಿಂಟ್ ಪಿನ್’: ಕೀಲಾ, ತಿರುಪಾ, ಆಣಿಯಾ?

ಎಲ್ರಿಗೂ ನಮಸ್ಕಾರ. ಒಂದು ಪದ ಸಿಗದೆ ಮೂರು ದಿನದಿಂದ ತಲೆ ಕೆಟ್ಟಿದೆ ಮಾರಾಯ್ರೆ. ಬೈಕಂಪಾಡಿಯಲ್ಲಿ ಲೇತ್ ಇಟ್ಟಿರುವ ನಮ್ಮ ಭಾವ ಈಗ ಪೂಲ್ (ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟ) ಆಡುವ ಕ್ಯೂ ರಿಪೇರಿ ಶುರು ಮಾಡಿದ್ದಾರೆ, ಗಿರಾಕಿಗಳಿಗೆ ಕೊಡ್ಲಿಕ್ಕೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡು ಅಂತ ನನ್ನ ತಲೆಗೆ ಕಟ್ಟಿದ್ರು. ‘ಕ್ಯೂ’ ಅಂತ ಬರೆದ್ರೆ ರೇಷನ್ ಅಂಗಡಿ ನೆನಪಾಗ್ತದೆ, ಹಾಗಾಗಿ ‘ಕ್ಯೂ ಕೋಲು’ ಅಂತ ಮಾಡಿದೆ (ಎರಡರ ಮೂಲವೂ ಫ್ರೆಂಚಿನ ‘ಬಾಲ’ವೇ, ಅದು ಬೇರೆ ಕತೆ). ಸಿಕ್ಕಿಬಿದ್ದದ್ದು ಜಾಯಿಂಟ್ ಪಿನ್ನಲ್ಲಿ.

ಕೋಲು ಎರಡು ತುಂಡು, ಬುಡದ ತುಂಡಿಂದ ಒಂದು ಪಿನ್ ಹೊರಗೆ ಚಾಚಿಕೊಂಡಿರ್ತದೆ, ತುದಿಯ ತುಂಡನ್ನು ಅದಕ್ಕೆ ತಿರುಗಿಸಿ ಕೂರಿಸುದು. ಹೆಸರಿಗೆ ಪಿನ್, ನೋಡಿದ್ರೆ ಮೈಯೆಲ್ಲ ಥ್ರೆಡ್ (ಸ್ಕ್ರೂವಿಗೆ ಇರುವಂಥ ಸುತ್ತುಗೆರೆ)! ‘ಕೀಲು’ ಅನ್ನುವ ಅಂದ್ರೆ ನಮ್ಮ ಭಾಷೆಯಲ್ಲಿ ಗೂಟವೂ ಕೀಲೇ, ಸಂದೂ ಕೀಲೇ. ಬಂಡಿಯ ಕಡೆಗೀಲು ಪಿನ್ನು, ಮೊಣಕಾಲಿನ ಕೀಲು ಜಾಯಿಂಟು. ಜಾಯಿಂಟ್ ಪಿನ್ ಅಂದ್ರೆ ‘ಕೀಲಿನ ಕೀಲು’ ಅಂತ ಬರೀಬೇಕಾಗ್ತದೆ. ಶಾಲೆ ಪುಸ್ತಕದ ‘ತಿರುಪುಮೊಳೆ’ ಬರೆದು ತೋರಿಸಿದೆ, ಭಾವ ಬಿದ್ದು ಬಿದ್ದು ನಕ್ಕರು, ಮೊಳೆರೋಗದ ಔಷಧದ ನೋಟೀಸಿನ ಹಾಗೆ ಉಂಟಂತೆ. ಬರೀ ‘ತಿರುಪು’ ಅಂದ್ರೆ ನನ್ನ ಅಮ್ಮನಿಗೆ ಬೆಂಡೋಲೆಯದ್ದೇ.

ಭಾವ ಒಂದು ಮಾತು ಹೇಳಿದ್ರು, ಅದರಿಂದ ನನಗೆ ಸ್ವಲ್ಪ ದಾರಿ ಸಿಕ್ಕಿತು. ಜಾಯಿಂಟಲ್ಲಿ ಎರಡು ಕೆಲಸ ಆಗ್ಬೇಕು, ಎರಡು ತುಂಡನ್ನು ಎಳೆದು ಒತ್ತಿ ಹಿಡಿಯುದು ಒಂದು, ನಡು ತಪ್ಪದ ಹಾಗೆ ನೇರ ನಿಲ್ಲಿಸುದು ಇನ್ನೊಂದು. 5/16-14 ಅಂತ ಪಿನ್ನಿನ ಒಂದು ಜಾತಿ ಉಂಟು (ಈ ಅಂಕೆಗಳ ಲೆಕ್ಕ ಕೆಳಗೆ ಹೇಳ್ತೇನೆ), ಅದರಲ್ಲಿ ಥ್ರೆಡ್ಡು ಎಳೀತದೆ ಅಷ್ಟೇ, ನೇರ ನಿಲ್ಲಿಸುದು ತುದಿಯ ತುಂಡಿನ ಹಿತ್ತಾಳೆ ಮೂತಿ, ಅದು ಬುಡದ ತುಂಡಿನ ಬಾಯಿಗೆ ಹಾಕಿದ ಸ್ಟೀಲ್ ಕಾಲರಿನ (ಬಳೆಯ) ಒಳಗೆ ಸರಿಯಾಗಿ ಹೋಗಿ ಕೂತ್ಕೊಳ್ತದೆ. 3/8-10ರಲ್ಲಿ ಆ ಮೂತಿ ಇಲ್ಲ, ಮುಖ ಚಪ್ಪಟೆ, ಎಷ್ಟೋ ಸಲ ಮರಕ್ಕೇ ಥ್ರೆಡ್ ಕೊರೀತಾರೆ, ಹಾಗಾಗಿ ಎರಡೂ ಕೆಲಸ ಪಿನ್ನಿನ ಮೇಲೇ. ಆಟಿಯ ಮಳೆಗೆ ಮರ ಉಬ್ಬಿದ್ರೆ ನಮ್ಮ ಮನೆ ಬಾಗಿಲಿನ ಹಾಗೇ ಬಿಗಿ ಆಗುದೂ ಉಂಟು.

ಅಂದ್ರೆ ತಿರುಪಿನ ಕೆಲಸವೂ ಉಂಟು, ಆಣಿಯ ಕೆಲಸವೂ ಉಂಟು. ಆಣಿ ತುಳುವಿನಲ್ಲೂ ನಮ್ಮ ಬಾಯಲ್ಲೂ ಜೀವಂತ ಇರುವ ಪದ, ಬಂಡಿಯ ‘ಕಡಾಣಿ’ಯ ಹಾಗೆ ‘ತಿರುಪಾಣಿ’ ಅಂತ ಮಾಡಿದ್ರೆ ಹೇಗೆ? ಜಾಯಿಂಟಿಗೆ ಕೀಲು, ಪಿನ್ನಿಗೆ ತಿರುಪಾಣಿ. ನನಗೆ ಕಿವಿಗೆ ಹಿತವಾಗಿಯೇ ಕೇಳ್ತದೆ, ಹೊಸದಾಗಿ ಹುಟ್ಟಿಸಿದ್ದು ಅಂತ ಗೊತ್ತೇ ಆಗುದಿಲ್ಲ. ಥ್ರೆಡ್ಡನ್ನು ಥ್ರೆಡ್ ಅಂತಲೇ ಬಿಟ್ಟಿದ್ದೇನೆ, ‘ಎಳೆ’ ಅಂತ ಬರೆದ್ರೆ ಲೇತಿನ ಹುಡುಗ್ರು ನೂಲು ಹುಡುಕ್ತಾರೆ.

ಅಳತೆದ್ದು ಇನ್ನೊಂದು ತಮಾಷೆ. 3/8-10 ಅಂದ್ರೆ 3/8 ಇಂಚು ದಪ್ಪ, ಇಂಚಿಗೆ 10 ಥ್ರೆಡ್ಡು. ಹಳೇ ಮೇಸ್ತ್ರಿಗಳ ಲೆಕ್ಕದಲ್ಲಿ ಇದು ಮೂರು ಸೂತ್ (ಇಂಚಿನ ಎಂಟನೇ ಒಂದು ಪಾಲು ಒಂದು ಸೂತ್), 5/16 ಎರಡೂವರೆ ಸೂತ್. ‘ಮೂರು ಸೂತ್, ಹತ್ತು ಥ್ರೆಡ್’ ಅಂತಲೇ ಬರೆದುಬಿಟ್ಟೆ, ನೀವು ಬೈದರೂ ತೆಗೆಯುದಿಲ್ಲ.

ಇನ್ನು ಉಳಿದದ್ದು ಆ ಸ್ಟೀಲ್ ಕಾಲರ್. ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಗೆ ‘ಅಣಸು’ ಅಂತ ಹೇಳ್ತಾರಲ್ಲ, ಅದನ್ನೇ ಇಲ್ಲಿಗೆ ತರಬಹುದಾ? ಕುಂದಾಪುರ, ಬೈಂದೂರು ಕಡೆಯವರು ಒನಕೆಯ ಆ ಬಳೆಗೆ ಎಂತ ಹೇಳುದು? 1894ರಲ್ಲಿ ನಮ್ಮ ಮಂಗಳೂರಲ್ಲೇ ಅಚ್ಚಾದ ಕಿಟೆಲ್ ನಿಘಂಟು ಕೈಗೆ ಸಿಗುವವರು ಅಣಸು, ಆಣಿ ಎರಡನ್ನೂ ಒಮ್ಮೆ ನೋಡಿ ಬರೀರಿ, ಭಾವ ಶನಿವಾರ ಪ್ರಿಂಟಿಗೆ ಕೊಡ್ತಾರಂತೆ.