ವಕೀಲರನ್ನು ಕೇಳಿ: ಫೋನ್ ಕದ್ದಾಲಿಕೆ, ಪೊಲೀಸ್ ನಿಗಾ, ರೌಡಿ ಶೀಟ್

ಅಡ್ಮಿನ್: ಇವತ್ತು ನಮ್ಮ ಗ್ರೂಪಿನ ಶಾರದಾ ಮೇಡಂ ಉತ್ತರ ಕೊಡುತ್ತಾರೆ. ಹೈಕೋರ್ಟಿನಲ್ಲಿ ವಕೀಲರು. ಸರ್ಕಾರ ಜನರ ಮೇಲೆ ಕಣ್ಣಿಡುವುದಕ್ಕೆ ಕಾನೂನಿನ ಮಿತಿ ಏನು, ಅದೇ ವಿಷಯ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮಂಜುನಾಥ್: ನಮಸ್ಕಾರ ಮೇಡಂ. ಫೋನ್ ಟ್ಯಾಪ್ ಮಾಡಿ ಅಂತ ನಮ್ಮ ಠಾಣೆ ಇನ್‌ಸ್ಪೆಕ್ಟರ್ ಆದೇಶ ಕೊಡಬಹುದಾ?

ಶಾರದಾ: ಇಲ್ಲ. ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಲಿಖಿತ ಆದೇಶ ಕೊಡಬೇಕು. ತುರ್ತು ಇದ್ದರೆ ಹಿರಿಯ ಪೊಲೀಸ್ ಅಧಿಕಾರಿ ಶುರು ಮಾಡಬಹುದು, ಆದರೆ 7 ಕೆಲಸದ ದಿನದೊಳಗೆ ಕಾರ್ಯದರ್ಶಿ ಒಪ್ಪದಿದ್ದರೆ ನಿಲ್ಲಿಸಬೇಕು. ಒಂದು ಆದೇಶಕ್ಕೆ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ದಾಟುವ ಹಾಗಿಲ್ಲ. 1996ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಚೌಕಟ್ಟೇ ಇವತ್ತಿನ 2023ರ ದೂರಸಂಪರ್ಕ ಕಾಯ್ದೆಯ ನಿಯಮಗಳಲ್ಲೂ ಹೆಚ್ಚುಕಮ್ಮಿ ಉಳಿದಿದೆ. ಇದರಲ್ಲಿ ಎಲ್ಲೂ ನ್ಯಾಯಾಧೀಶರ ಅನುಮತಿ ಬೇಕಿಲ್ಲ. ಆದೇಶ ಕೊಡುವವರೂ ಅಧಿಕಾರಿಗಳು, ಪರಿಶೀಲನಾ ಸಮಿತಿಯಲ್ಲಿ ಕೂರುವವರೂ ಅಧಿಕಾರಿಗಳು. ನನ್ನ ತಕರಾರು ಇರುವುದೇ ಅಲ್ಲಿ.

ಸುಮಾ: ಮೇಡಂ, ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿದರೆ ಟ್ಯಾಪ್ ಆಗಿದೆಯೋ ಇಲ್ಲವೋ ಗೊತ್ತಾಗುತ್ತೆ ಅಂತ ಬಂದಿದೆ, ನಿಜಾನಾ?

ಶಾರದಾ: ಸುಳ್ಳು. ನಿಮ್ಮ ಕರೆ ಬೇರೆ ನಂಬರಿಗೆ ಫಾರ್ವರ್ಡ್ ಆಗಿದೆಯಾ ಅಂತ ತೋರಿಸುತ್ತೆ, ಅಷ್ಟೇ. ಸರ್ಕಾರದ ಕದ್ದಾಲಿಕೆ ನಡೆಯುವುದು ಕಂಪನಿಯ ಕಡೆಯಿಂದ, ನಿಮ್ಮ ಫೋನಿನಲ್ಲಿ ಅದರ ಸುಳಿವೇ ಸಿಗಲ್ಲ. ಇನ್ನೊಂದು ವಿಷಯ. ಯಾರೋ ಹೇಳಿದ ಕೋಡ್ ಒತ್ತಿದರೆ ನಿಮ್ಮ ಕರೆಗಳು ವಂಚಕರ ನಂಬರಿಗೆ ಹೋಗುವ ಹಾಗೆ ಆಗಬಹುದು, ಆಮೇಲೆ ಬ್ಯಾಂಕಿನ ಒಟಿಪಿ ಕರೆಯೂ ಅಲ್ಲಿಗೇ ಹೋಗುತ್ತೆ. ಒತ್ತಬೇಡಿ.

ಕವಿತಾ: ಮೇಡಂ, ಕಸದ ಗುಂಡಿ ಬೇಡ ಅಂತ ನಮ್ಮೂರಲ್ಲಿ ಹೋರಾಟ ಆಯ್ತು. ನನ್ನ ತಮ್ಮ ಮುಂದೆ ನಿಂತಿದ್ದ. ಅವನ ಮೇಲೆ ಒಂದೇ ಕೇಸ್, ಅದೂ ಖುಲಾಸೆ ಆಗಿದೆ. ಈಗ ರಾತ್ರಿ ಹನ್ನೊಂದರ ಮೇಲೆ ಪೊಲೀಸರು ಬಂದು ಬಾಗಿಲು ಬಡಿಯುತ್ತಾರೆ, ಅವನನ್ನು ಹೊಸಿಲ ಮೇಲೆ ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಕೇಳಿದರೆ "ಮೇಲಿಂದ ಆರ್ಡರ್" ಅಂತಾರೆ. ಬಾಡಿಗೆ ಮನೆ, ಓನರ್ ಖಾಲಿ ಮಾಡಿ ಅಂತಿದ್ದಾರೆ.

ಶಾರದಾ: ಕವಿತಾ ಅವರೇ, ಇದನ್ನು ಸುಮ್ನೆ ಬಿಡಬೇಡಿ. ಅವನ ಹೆಸರಲ್ಲಿ ರೌಡಿ ಶೀಟ್, ಅಂದರೆ ಪೊಲೀಸರು ನಿಗಾ ಇಡಲು ಇಟ್ಟುಕೊಳ್ಳುವ ಕಡತ, ತೆರೆದಿರಬಹುದು ಅಂತ ನನ್ನ ಅನುಮಾನ.

1962ರಲ್ಲಿ ಉತ್ತರ ಪ್ರದೇಶದ ಖರಕ್ ಸಿಂಗ್ ಅನ್ನುವವರದ್ದು ಇದೇ ಕಥೆ. ಡಕಾಯಿತಿ ಕೇಸಿನಲ್ಲಿ ಸಾಕ್ಷಿ ಇಲ್ಲ ಅಂತ ಬಿಟ್ಟಿದ್ದರು, ಆದರೂ ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ಎಬ್ಬಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಯನ್ನು ರದ್ದು ಮಾಡಿತು. ಕಾರಣ ಕೇಳಿ: ಅದಕ್ಕೆ ಶಾಸನಸಭೆ ಮಾಡಿದ ಕಾನೂನಿನ ಬೆಂಬಲ ಇರಲಿಲ್ಲ. ಇಲಾಖೆ ತನಗೆ ತಾನೇ ಬರೆದುಕೊಂಡ ನಿಯಮ ಮಾತ್ರ ಇತ್ತು. ಇಲಾಖೆಯ ನಿಯಮ ಕಾನೂನಲ್ಲ. ಹಾಗಿರುವಾಗ "ಮೇಲಿಂದ ಆರ್ಡರ್" ಅನ್ನೋ ಬಾಯಿಮಾತಿಗೆ ಏನು ಬೆಲೆ? ನಮ್ಮಲ್ಲೂ ರೌಡಿ ಶೀಟ್ ನಿಂತಿರುವುದು ಪೊಲೀಸ್ ಮ್ಯಾನ್ಯುಯಲ್ ಮೇಲೆ, ಅಂದರೆ ಇಲಾಖೆಯದೇ ನಿಯಮಪುಸ್ತಕದ ಮೇಲೆ. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತಲ್ಲ, ಆ ಕೇಸ್ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ ಕಾನೂನು ಇದ್ದರೂ ಸಾಲದು, ಅಗತ್ಯ ಇರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು.

ಇವತ್ತೇ ಶುರು ಮಾಡಿ. ಪ್ರತಿ ಸಲ ಬಂದ ತಾರೀಖು, ಗಂಟೆ, ಬಂದವರ ಎದೆ ಮೇಲಿನ ಹೆಸರು ಬರೆದಿಡಿ. ಎದುರು ಮನೆ ಸಿಸಿಟಿವಿ ಇದ್ದರೆ ಅಳಿಸಿಹೋಗುವ ಮೊದಲು ಕಾಪಿ ತಗೊಳ್ಳಿ. ಶೀಟ್ ಇದೆಯಾ, ಯಾರ ಆದೇಶದ ಮೇಲೆ, ಪ್ರತಿ ಕೊಡಿ ಅಂತ ಎಸ್‌ಪಿಗೆ ಅರ್ಜಿ ಹಾಕಿ. ಉತ್ತರ ಬರಲಿಲ್ಲ ಅಂದರೆ ಹೈಕೋರ್ಟಿಗೆ ರಿಟ್, ಅಂದರೆ ಹಕ್ಕು ಕಾಪಾಡಿ ಅಂತ ನೇರ ಅರ್ಜಿ. ಬಾಯಲ್ಲಿ ಕರೆದರು ಅಂತ ತಮ್ಮ ಒಬ್ಬನೇ ಠಾಣೆಗೆ ಹೋಗುವುದು ಬೇಡ, ಲಿಖಿತ ನೋಟಿಸ್ ಕೇಳಲಿ.

ರಾಘವೇಂದ್ರ: ತಪ್ಪು ಮಾಡದವರಿಗೆ ಭಯ ಯಾಕೆ? ಪೊಲೀಸರು ಸುಮ್ನೆ ಯಾರ ಮನೆಗೂ ಬರಲ್ಲ.

ನಾಗರಾಜ್: ಖುಲಾಸೆ ಆಗಿದೆ ಅಂತ ಬರೆದಿದ್ದಾರಲ್ಲ ಸಾರ್, ಓದಲಿಲ್ವಾ?

ರಾಘವೇಂದ್ರ: ಖುಲಾಸೆ ಆದವರೆಲ್ಲ ಒಳ್ಳೆಯವರಲ್ಲ. ಬಾಂಬ್ ಬಿದ್ದಾಗ ಪೊಲೀಸರು ಏನು ಮಾಡ್ತಿದ್ರು ಅಂತ ಕೇಳೋದೂ ನೀವೇ.

ನಾಗರಾಜ್: ಕಸದ ಗುಂಡಿಗೂ ಬಾಂಬಿಗೂ ಏನು ಸಂಬಂಧ? ಅಧಿಕಾರದಲ್ಲಿ ಇದ್ದವರೆಲ್ಲ ಇದನ್ನೇ ಹೇಳಿದ್ದು. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕೆ ವಿವಾದಕ್ಕೇ ಅಲ್ವಾ?

ರಾಘವೇಂದ್ರ: ನಿಮ್ಮ ಪಕ್ಷದ ಪುರಾಣ ಬೇಡ.

ನಾಗರಾಜ್: ನನಗೆ ಯಾವ ಪಕ್ಷವೂ ಇಲ್ಲ. ನೀವೇ ಎಲ್ಲದರಲ್ಲೂ ಪಕ್ಷ ಹುಡುಕ್ತೀರಿ.

ಶಾರದಾ: ಇಬ್ಬರೂ ಸ್ವಲ್ಪ ನಿಲ್ಲಿಸಿ. ರಾಘವೇಂದ್ರ ಅವರೇ, ದೇಶದ ಭದ್ರತೆ ಅಂದ ತಕ್ಷಣ ಕೋರ್ಟ್ ಬಾಯಿ ಮುಚ್ಚಿಕೊಂಡು ಕೂರಬೇಕಿಲ್ಲ ಅಂತ 2021ರಲ್ಲಿ ಪೆಗಾಸಸ್ ಅನ್ನುವ, ಫೋನಿಗೆ ನುಗ್ಗುವ ಗೂಢಚಾರಿ ತಂತ್ರಾಂಶದ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿ, ತಾನೇ ತಜ್ಞರ ಸಮಿತಿ ಮಾಡಿತು. ಅಪರಾಧ ಹಿಡಿಯಬೇಡಿ ಅಂತ ಯಾರೂ ಅನ್ನುತ್ತಿಲ್ಲ. ಹಿಡಿಯುವವರು ಯಾವ ಆದೇಶದ ಮೇಲೆ ಬಂದರು ಅಂತ ತೋರಿಸಬೇಕು, ಅಷ್ಟೇ.

ಪ್ರಕಾಶ್: ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕಂಪನಿ ಏನೇನು ನೋಡಬಹುದು ಮೇಡಂ?

ಲತಾ: ನಾಳೆಯಿಂದ ಎಲ್ಲ ಕರೆ ರೆಕಾರ್ಡ್ ಆಗುತ್ತಂತೆ, ವಾಟ್ಸಾಪಲ್ಲಿ ಕೆಂಪು ಟಿಕ್ ಬಂದರೆ ಸರ್ಕಾರ ನೋಡ್ತಿದೆ ಅಂತ ಅರ್ಥ ಅಂತೆ. ಎಲ್ಲರಿಗೂ ತಿಳಿಸಿ 🙏

ಶಾರದಾ: ಲತಾ ಅವರೇ, ಇದು ಎಷ್ಟೋ ವರ್ಷದಿಂದ ಸುತ್ತುತ್ತಿರುವ ಸುಳ್ಳು, ಸರ್ಕಾರವೇ ಅಲ್ಲಗಳೆದಿದೆ. ಕೆಂಪು ಟಿಕ್ ಅನ್ನುವುದೇ ಇಲ್ಲ. ಇಂಥವು ಜನರನ್ನು ಸುಮ್ನೆ ಹೆದರಿಸಿ ಬಾಯಿ ಮುಚ್ಚಿಸುತ್ತವೆ, ನಿಜವಾಗಿ ತೊಂದರೆಯಲ್ಲಿ ಇರುವವರ ಮಾತು ಅದರಡಿ ಮುಚ್ಚಿಹೋಗುತ್ತೆ. ಅಳಿಸಿ.

ಬಸವರಾಜ್: ಫೋನ್ ಟ್ಯಾಪ್ ಆಗಿದೆ ಅಂತ ಗೊತ್ತಾಗೋದು ಹೇಗೆ?

ಶಾರದಾ: ಮೇಲೆ ಓದಿ.

ಬಸವರಾಜ್: ಸರಿಯಾಗಿ ಉತ್ತರ ಕೊಟ್ಟರೆ ಏನು ಹೋಗುತ್ತೆ?

ನಾಗರಾಜ್: ಉತ್ತರ ಕೊಟ್ಟಾಗಿದೆ ಮಾರಾಯರೇ, ಸ್ಕ್ರೋಲ್ ಮಾಡಿ.

ದೀಪಾ: ರಸ್ತೆಯಲ್ಲಿ ಪೊಲೀಸರು ಫೋನ್ ಕೊಡು, ವಾಟ್ಸಾಪ್ ತೋರಿಸು ಅಂದರೆ?

ಶಾರದಾ: ಸುಮ್ನೆ ತಡೆದು ಚಾಟ್ ನೋಡುವ ಹಕ್ಕು ಅವರಿಗಿಲ್ಲ. ಫೋನ್ ಶೋಧಿಸಲು ವಾರಂಟ್ ಬೇಕು, ತುರ್ತು ಸಂದರ್ಭ ಬೇರೆ ಮಾತು. 2021ರಲ್ಲಿ ನಮ್ಮ ಹೈಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಜಗಳ ಆಡಬೇಡಿ, ಯಾವ ಕೇಸಿಗೆ ಅಂತ ಕೇಳಿ.

ರಾಘವೇಂದ್ರ: ಪೊಲೀಸರ ವಿರುದ್ಧ ಜನರನ್ನು ಎತ್ತಿಕಟ್ಟೋದು ಇದೇ ಅಲ್ವಾ. ನಾನು ಗ್ರೂಪ್ ಬಿಡ್ತೀನಿ.

ಅಡ್ಮಿನ್: ರಾಘವೇಂದ್ರ, ನಾಗರಾಜ್, ಇಬ್ಬರಿಗೂ ಕೊನೆಯ ಸಲ ಹೇಳುತ್ತಿದ್ದೇನೆ.

ಕವಿತಾ: ಮೇಡಂ, ಅರ್ಜಿ ಕನ್ನಡದಲ್ಲಿ ಬರೆದರೆ ನಡೆಯುತ್ತಾ?

ಶಾರದಾ: ನಡೆಯುತ್ತೆ, ಕನ್ನಡದಲ್ಲೇ ಬರೆಯಿರಿ. "ಆಗಾಗ ರಾತ್ರಿ ಬರುತ್ತಾರೆ" ಅಂತ ಬೇಡ, ಒಂದೊಂದು ಭೇಟಿಯ ತಾರೀಖು, ಗಂಟೆ ಹಾಕಿ. ಖುಲಾಸೆಯ ತೀರ್ಪಿನ ಪ್ರತಿ ಲಗತ್ತಿಸಿ. ಠಾಣೆಯಲ್ಲಿ ಕೊಡಬೇಡಿ, ಎಸ್‌ಪಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಅರ್ಜಿ ಬರೆದು ನನಗೆ ಕಳಿಸಿ, ನೋಡಿ ಕೊಡುತ್ತೇನೆ.