ಸಹಾಯ ಬೇಕು: ಹಳೇ ಕಂಪ್ಯೂಟರಿಂದ ಹೊಸದಕ್ಕೆ ಫೈಲ್ ಹಾಕ್ಕೊಳ್ಳೋದು ಹೇಗೆ?

ಎಲ್ರಿಗೂ ನಮಸ್ಕಾರ, ಗೊತ್ತಿರೋರು ಸ್ವಲ್ಪ ಹೇಳಿ. ಹಳೇ ಡೆಸ್ಕ್‌ಟಾಪ್ ವಿಂಡೋಸ್ 7, ಹೊಸ ಲ್ಯಾಪ್‌ಟಾಪ್ ವಿಂಡೋಸ್ 11, ಹಳೇದ್ರಲ್ಲಿ ಫೋಟೋ ವಿಡಿಯೋ ಎಲ್ಲಾ ಸೇರಿ 300 ಜಿಬಿ ಹತ್ರ ಇದೆ, ಅದನ್ನ ಈ ಕಡೆ ತರ್ಬೇಕು. ಪೆನ್‌ಡ್ರೈವಲ್ಲಿ ಸಣ್ಣಪುಟ್ಟದೆಲ್ಲಾ ಬಂತು, ಆದ್ರೆ ದೊಡ್ಡ ವಿಡಿಯೋ ಹಾಕಿದ್ರೆ ಜಾಗ ಖಾಲಿ ಇದ್ರೂ ಫೈಲ್ ತುಂಬಾ ದೊಡ್ಡದು ಅಂತ ಎರರ್ರು. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಲ್ಲಿ ಇದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ವಂತೆ, ಅದಕ್ಕೇ ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡ್ದೆ, ಈಗ ಹೋಗುತ್ತೆ ಆದ್ರೆ ಹಳೇದ್ರಲ್ಲಿ ಇರೋದೇ ಯುಎಸ್‌ಬಿ 2.0 ಪೋರ್ಟು, ಸಿಕ್ಕಾಪಟ್ಟೆ ನಿಧಾನ, ಆ ಹಸಿರು ಪಟ್ಟಿ 99 ಪರ್ಸೆಂಟಿಗೆ ಬಂದು ಅಲ್ಲೇ ಧ್ಯಾನಕ್ಕೆ ಕೂತ್ಬಿಡುತ್ತೆ.

ಈಗ ಯೋಚ್ನೆ ಏನಪ್ಪಾ ಅಂದ್ರೆ, ಎರಡಕ್ಕೂ ಲ್ಯಾನ್ ಕೇಬಲ್ (ನೆಟ್‌ವರ್ಕ್ ವೈರು) ಹಾಕಿ ಫೋಲ್ಡರ್ ಶೇರ್ ಮಾಡೋದಾ ಇಲ್ಲಾ ಹಳೇ ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಸಾಟಾ-ಯುಎಸ್‌ಬಿ ಅಡಾಪ್ಟರಲ್ಲಿ (ಹಾರ್ಡ್‌ಡಿಸ್ಕನ್ನ ಯುಎಸ್‌ಬಿ ಪೋರ್ಟಿಗೆ ಸೇರಿಸೋ ಸಾಧನ) ಹೊಸದಕ್ಕೆ ಹಾಕೋದಾ? 3.5 ಇಂಚಿನ ಡಿಸ್ಕು, ಅದಕ್ಕೆ ಬೇರೆ ಪವರ್ ಇರೋ ಅಡಾಪ್ಟರೇ ಬೇಕಲ್ವಾ? ಹಾಗೆ ಹಾಕಿದ್ರೆ ಯೂಸರ್ ಫೋಲ್ಡರ್ ಓಪನ್ ಮಾಡೋಕೆ ಪರ್ಮಿಷನ್ ತಕರಾರು ಬರುತ್ತಾ?

ಆಮೇಲೆ ಥಂಡರ್‌ಬರ್ಡ್ ಅನ್ನೋ ಈಮೇಲ್ ಸಾಫ್ಟ್‌ವೇರಿನ ಮೇಲ್ ಎಲ್ಲಾ ಆಪ್‌ಡೇಟಾ ಅನ್ನೋ ಫೋಲ್ಡರ್ ಒಳಗಿದೆ, ಅದ್ರ ಪ್ರೊಫೈಲ್ ಫೋಲ್ಡರ್ ಹಾಗೇ ಕಾಪಿ ಮಾಡಿದ್ರೆ ಸಾಕಾ? ಕ್ಲೌಡಿಗೆ ಹಾಕಿ ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ, ಅಷ್ಟು ಅಪ್‌ಲೋಡ್ ಸ್ಪೀಡ್ ಇಲ್ಲ. ಮಾಡಿ ನೋಡಿರೋರು ಹೇಳಿದ್ರೆ ಉಪಕಾರ ಆಗುತ್ತೆ.